ಅನುಭವದ ಪತ್ರ

ಮೂವತ್ತು ವರ್ಷ ಹಂಚಿನ ಮುಂದೆ ಬೆಂದು ಸಾಕಾಗಿ, ದಾವಣಗೆರೆಯ ನನ್ನ ದೋಸೆ ಹೋಟೆಲನ್ನು ಭಾಮೈದ ಹನುಮೇಶನಿಗೆ ಮಾರಿ ಕೆನಡಾಕ್ಕೆ ಹೋಗಲು ಹೂಡಿಕೆದಾರರ ವೀಸಾಕ್ಕೆ ಅರ್ಜಿ ಹಾಕಿದೆ. ಊರಿನ ರೂಢಿಯಂತೆ ಕ್ರಯಪತ್ರದಲ್ಲಿ ಅರ್ಧ ಬೆಲೆ ಬರೆಸಿ, ಉಳಿದದ್ದನ್ನು ಕೈಯಲ್ಲಿ ಪಡೆದಿದ್ದೆ. ಆ ಹಣದ ಮೂಲ ತೋರಿಸಲಾಗದೆ ಅರ್ಜಿ ತಿರಸ್ಕೃತವಾಯಿತು.

“ಇನ್ನ ಅಡುಗೆಯವರ ಕೆಲಸದ ವೀಸಾ ಒಂದೇ ದಾರಿ ಐತ್ರಿ,” ಎಂದ ಹರಿಹರದ ಏಜೆಂಟ್. “ಎರಡು ವರ್ಷ ಸಂಬಳಕ್ಕೆ ದುಡಿದ ಪತ್ರ ಬೇಕು.”

ಮಾಲೀಕನಾಗಿದ್ದವನಿಗೆ ಅದನ್ನು ಕೊಡುವವರು ಯಾರು? ಹನುಮೇಶನನ್ನು ಕೇಳಿದೆ.

“ಸುಳ್ಳು ಪತ್ರ ಬ್ಯಾಡ ಭಾವ. ನಾಳೆಯಿಂದ ಕೆಲಸಕ್ಕ ಬರ್ರಿ, ಎರಡು ವರ್ಷಕ್ಕ ಖರೇದ್ದೇ ಕೊಡ್ತೀನಿ.”

ಅವನನ್ನು ಬೈದು ಬಂದೆ. ಮರುದಿನ ಬೆಳಿಗ್ಗೆ ಅದೇ ಹಂಚಿನ ಮುಂದೆ ನಿಂತಿದ್ದೆ.

ಗಲ್ಲಾದಿಂದ ಹನುಮೇಶ ಕೂಗಿದ: “ಭಾವ, ಬೆಣ್ಣೆ ಸ್ವಲ್ಪ ಕಮ್ಮಿ ಹಾಕ್ರಿ.”

ಕಮ್ಮಿ ಹಾಕಿದೆ.