ಎರಡನೆಯ ಭಾನುವಾರದ ಆರಾಧನೆ

"ನಾ ಇರೋತನಕ ಕನ್ನಡ ಆರಾಧನಿ ನಿಲ್ಲಂಗಿಲ್ಲಪ್ಪಾ" ಎಂದು ಕೋಮಲಾ ಹತ್ತೊಂಬತ್ತು ವರ್ಷಗಳ ಹಿಂದೆ ಆಸ್ಪತ್ರೆಯ ಮಂಚದ ಪಕ್ಕ ನಿಂತು ಮಾತು ಕೊಟ್ಟಿದ್ದಳು. ಅಪ್ಪ ಸುಘೋಷ ತಲೆಯಾಡಿಸಿ ಕಣ್ಣು ಮುಚ್ಚಿದ. ಆ ಕಣ್ಣು ಮತ್ತೆ ತೆರೆಯಲಿಲ್ಲ.

ಗದಗದ ಕಡೆಯಿಂದ ಚೆನ್ನೈಯ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿಗೆ ಬಂದು ನೆಲೆಸಿದ ಕನ್ನಡ ಕ್ರೈಸ್ತ ಮನೆತನಗಳಿಗೆಂದು ಆ ತಮಿಳು ಚರ್ಚು ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಏಳಕ್ಕೆ, ಪಕ್ಕದ ಸಣ್ಣ ಕೋಣೆಯನ್ನು ಬಿಟ್ಟುಕೊಡುತ್ತಿತ್ತು. ಅಪ್ಪನ ಕಾಲಕ್ಕೆ ಅಲ್ಲಿ ನಲವತ್ತು ಮಂದಿ ಸೇರುತ್ತಿದ್ದರು. ಮಕ್ಕಳು ತಮಿಳಿಗೆ ಹೊರಳಿದರು, ಹಿರಿಯರು ಮಣ್ಣು ಸೇರಿದರು. ಕಡೆಗೆ ಉಳಿದವರು ಮೂವರು: ಕೋಮಲಾ, ಎಂಬತ್ತೆರಡರ ಗುರುಬಸಪ್ಪಜ್ಜ, ಮತ್ತು ಸಣ್ಣಮ್ಮ.

ಮೂವರಿದ್ದರೆ ಸಾಕಿತ್ತು. ಭೋಜನ ತೆಗೆದುಕೊಳ್ಳುವವರು ಮೂವರಾದರೂ ಇಲ್ಲದೆ ರೊಟ್ಟಿ-ದ್ರಾಕ್ಷಾರಸದ ಕರ್ತನ ಭೋಜನ ನಡೆಸಬಾರದೆಂಬುದು ಆ ಚರ್ಚಿನ ಹಳೆಯ ಕಟ್ಟಳೆ. ಪಾಸ್ಟರ್ ಅಯ್ಯ ತಮಿಳಿನವರು. ಕನ್ನಡದ ಕ್ರಮವನ್ನೆಲ್ಲ ತಮಿಳು ಅಕ್ಷರದಲ್ಲಿ ಬರೆದುಕೊಂಡು ಓದುತ್ತಿದ್ದರು. ಅವರ ಬಾಯಲ್ಲಿ ದೇವರು 'ತೇವರು' ಆಗುತ್ತಿದ್ದ. "ಹೆಸರು ಹ್ಯಾಂಗರ ಕರೀಲಿ, ಅಂವಗ ತಿಳೀತದ ಬಿಡು" ಎಂದು ಗುರುಬಸಪ್ಪಜ್ಜ ನಗುತ್ತಿದ್ದ.

ಕೋಮಲಾ ವಾರವಿಡೀ ಶಾಲೆಯ ಯೂನಿಫಾರ್ಮು ಹೊಲಿಯುವವಳು. ಗಂಡನಿಗೆ ಪಾಳಿ ಕೆಲಸ, ಭಾನುವಾರವೂ ಬಿಡುವಿಲ್ಲ. ಶನಿವಾರ ಮಿಷಿನ್ನಿನ ಮುಂದಿಂದ ಎದ್ದವಳೇ ಹಳೆಯ ಮನೆತನಗಳಿಗೆಲ್ಲ ಫೋನು ಮಾಡಬೇಕು. ಭಾನುವಾರ ನಸುಕಿನಲ್ಲಿ ಅಜ್ಜನಿಗೆ ಆಟೊ ಗೊತ್ತು ಮಾಡಬೇಕು, ಕೋಣೆ ಗುಡಿಸಬೇಕು, ಮೇಜಿಗೆ ಬಿಳಿ ಬಟ್ಟೆ ಹಾಸಬೇಕು, ಫ್ಲಾಸ್ಕಿನಲ್ಲಿ ಕಾಫಿ ಒಯ್ಯಬೇಕು. ಆರಾಧನೆ ಶುರುವಾದ ಮೇಲೂ ಅವಳ ಕಣ್ಣು ಬಾಗಿಲಲ್ಲೇ. ಇನ್ನೊಬ್ಬರು ಬಂದಾರೆಂಬ ಆಸೆ.

ಫೆಬ್ರವರಿಯಲ್ಲಿ ಸಣ್ಣಮ್ಮ ತೀರಿಕೊಂಡಳು. ಮಣ್ಣು ಕೊಟ್ಟು ಬರುವ ದಾರಿಯಲ್ಲಿ ಕೋಮಲಾ ಅತ್ತಳು, ಆದರೆ ಅಳುವಿನ ನಡುವೆಯೇ ಮನಸ್ಸು ಮೂರನೆಯವರು ಯಾರು ಎಂದು ಹುಡುಕತೊಡಗಿತ್ತು. ಅದಕ್ಕಾಗಿ ಅವಳಿಗೆ ಆಮೇಲೆ ನಾಚಿಕೆಯಾಯಿತು.

ಸಿಕ್ಕಿದ್ದು ಮಗಳು ಮಾನ್ಯಾ. ಹದಿನೈದು ವರ್ಷ, ಹಿಂದಿನ ವರ್ಷವಷ್ಟೇ ದೃಢೀಕರಣವಾಗಿ ಭೋಜನಕ್ಕೆ ಸೇರಿದ್ದಳು. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. ನಾಲ್ಕು ತಿಂಗಳು ತೂಕಡಿಸುತ್ತ ಬಂದಳು. ಜುಲೈ ತಿಂಗಳ ಆ ಬೆಳಿಗ್ಗೆ ಹೊದಿಕೆ ಸರಿಸಲೇ ಇಲ್ಲ.

"ಏಳ ಮಾನ್ಯಾ, ಆಟೊ ಬಂತು."

"ನಾನ್ ವರಲೆ."

"ಬರಂಗಿಲ್ಲ ಅಂದ್ರ? ನೀ ಇಲ್ಲಂದ್ರ ಇಬ್ಬರ ಆಗ್ತೇವಿ."

"ಅದಾನೇ? ಉನಕ್ಕು ನಾನ್ ಒರು ನಂಬರ್ ದಾನ್." ಅಮ್ಮನಿಗೆ ತಾನು ಬರೀ ಒಂದು ಲೆಕ್ಕ ಎಂಬ ಆಕ್ಷೇಪ. ಮಗಳು ಎದ್ದು ಕುಳಿತಳು. ಮುಂದಿನದನ್ನು, ಎಂದೂ ಇಲ್ಲದ್ದು, ಕನ್ನಡದಲ್ಲೇ ಹೇಳಿದಳು: "ಅಮ್ಮಾ, ನೀನು ಅಲ್ಲಿ ಪ್ರಾರ್ಥನೆ ಮಾಡಿದ್ದು ನಾನು ಒಂದು ಸಲವೂ ನೋಡಿಲ್ಲ. ಸುಮ್ನೆ ಬಾಗಿಲು ನೋಡ್ತಾ ಇರ್ತಿ. ನಾನು ಒಂಬತ್ತು ಗಂಟೆ ತಮಿಳು ಸರ್ವೀಸ್‌ಗೆ ಹೋಗ್ತೀನಿ. ಅಲ್ಲಿ ನನಗೆ ಹಾಡೋಕೆ ಸಂತೋಷ ಆಗತ್ತೆ."

ಕೋಮಲಾಗೆ ಕೈಯೆತ್ತುವಷ್ಟು ಸಿಟ್ಟು ಬಂತು. ಎತ್ತಲಿಲ್ಲ. ಫ್ಲಾಸ್ಕು ಹಿಡಿದು ಮೆಟ್ಟಿಲಿಳಿದಳು.

ಆಟೊದಲ್ಲಿ ಗುರುಬಸಪ್ಪಜ್ಜ ಕಾಯುತ್ತಿದ್ದ. "ಏನವಾ, ಇವತ್ತರ ಕಾಫಿಗೆ ಸಕ್ರಿ ಹಾಕಿಯೋ, ಇಲ್ಲಾ ಡಾಕ್ಟರ್ ಮಾತ ಕೇಳಿಯೋ?"

"ಡಾಕ್ಟರ್ ಮಾತ ಅಜ್ಜಾ" ಎಂದು ಕೋಮಲಾ ಅವನ ಕಿವಿಗೆ ಕೇಳುವಂತೆ ಜೋರಾಗಿ ಹೇಳಿದಳು.

"ಹಂಗಾರ ಅಂವಗ ಕುಡಸು."

ಅವಳಿಗೆ ನಗು ಬರಲಿಲ್ಲ. ದಾರಿಯುದ್ದಕ್ಕೂ ನಾಲ್ಕು ಮನೆಗಳಿಗೆ ಫೋನು ಹಚ್ಚಿದಳು. ಇಬ್ಬರು ಎತ್ತಲಿಲ್ಲ, ಒಬ್ಬರು ಬೆಸೆಂಟ್ ನಗರಕ್ಕೆ ಮನೆ ಬದಲಿಸಿದ್ದರು, ಇನ್ನೊಬ್ಬರು ಮುಂದಿನ ತಿಂಗಳು ಖಂಡಿತ ಎಂದರು. ಹೋದ ತಿಂಗಳೂ ಅವರು ಹಾಗೇ ಅಂದಿದ್ದರು.

ಏಳೂ ಇಪ್ಪತ್ತಾಯಿತು. ಪಾಸ್ಟರ್ ಅಯ್ಯ ಗಡಿಯಾರ ನೋಡಿದರು. "ಎನ್ನಮ್ಮಾ, ಏನು ಮಾಡೋಣ?"

"ಒಂದ ನಿಮಿಷ ಅಯ್ಯಾ. ವಾಚ್‌ಮನ್ ಇದ್ದಾರಲ್ಲ, ಅವರೂ ಭೋಜನ ತಗೊಳ್ಳೋರೇ. ಕರೀತೀನಿ."

ವಾಚ್‌ಮನ್ ರಾತ್ರಿ ಪಾಳಿ ಮುಗಿಸಿ ಗೇಟಿನ ಬಳಿ ಸ್ಟೂಲಿನ ಮೇಲೆ ಕುಳಿತು ಚಹಾದಲ್ಲಿ ಬನ್ನು ಅದ್ದಿ ತಿನ್ನುತ್ತಿದ್ದ. ಅವಳು ಬಂದದ್ದು ಕಂಡು, ಏನು ಎತ್ತ ಎಂದೂ ಕೇಳದೆ, ಬನ್ನು ಕೆಳಗಿಟ್ಟು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ. "ಆಳ್ ಕೊರೆಯಾ ಅಕ್ಕಾ?" ಎಂದ. ಜನ ಕಡಿಮೆಯೇ ಎಂಬ ಅರ್ಥದಲ್ಲಿ.

ಅವನ ಬೆರಳುಗಳು ನಿದ್ದೆಯಲ್ಲಿ ತಡವರಿಸುತ್ತಿದ್ದವು. ಇವನಿಗೊಂದು ಪದ ಕನ್ನಡ ಬಾರದು. ಇವನನ್ನು ಕೂಡಿಸಿ, ಮೂವರಾಯಿತೆಂದು ಹೇಳಿ, ಮುಂದಿನ ತಿಂಗಳು ಇನ್ನಾರನ್ನೋ ಹುಡುಕಿ... ಇದನ್ನೆಲ್ಲ ಯಾರಿಗೆ ತೋರಿಸಲು?

"ಬೇಡಣ್ಣಾ. ನೀವು ಚಹಾ ಕುಡೀರಿ" ಎಂದು ತಮಿಳಿನಲ್ಲಿ ಹೇಳಿದಳು.

ಒಳಗೆ ಬಂದು, ಇವತ್ತು ಇಬ್ಬರೇ ಎಂದು ಪಾಸ್ಟರ್ ಅಯ್ಯನಿಗೆ ಹೇಳಿದಳು. ಅವರು ಇಬ್ಬರಿಗಾಗಿ ಒಂದು ಚಿಕ್ಕ ಪ್ರಾರ್ಥನೆ ಮಾಡಿ, ದ್ರಾಕ್ಷಾರಸದ ಬಟ್ಟಲಿಗೆ ಮುಚ್ಚಿದ ಬಟ್ಟೆಯನ್ನು ತೆಗೆಯದೆಯೇ ಎತ್ತಿಕೊಂಡು ಚರ್ಚಿನ ದೊಡ್ಡ ಗುಡಿಯ ಕಡೆ ಹೋದರು. ಕಿವಿ ಮಂದವಾದ ಗುರುಬಸಪ್ಪಜ್ಜ ಮುಗಿದದ್ದು ತಿಳಿಯದೆ, ಕಣ್ಣು ಮುಚ್ಚಿಕೊಂಡು ತನ್ನ ಪಾಡಿಗೆ ಪ್ರಾರ್ಥಿಸುತ್ತಲೇ ಇದ್ದ.

ಅವನ ಪಕ್ಕ ಕೋಮಲಾ ಕುಳಿತಳು. ಕಾಯುವುದಕ್ಕೆ ಇನ್ನು ಯಾರೂ ಇರಲಿಲ್ಲ. "ಕರ್ತನೇ, ಯಾರೂ ಬರಲಿಲ್ಲ" ಎಂದಳು, ಬಾಯಿಬಿಟ್ಟು. ಅಳು ಬಂತು. ಅಪ್ಪನಿಗಾಗಿ, ಸಣ್ಣಮ್ಮನಿಗಾಗಿ, ಹತ್ತೊಂಬತ್ತು ವರ್ಷದ ದಣಿವಿಗಾಗಿ ಅತ್ತಳು. ಅಳುತ್ತಿರುವಾಗಲೇ ಅವಳಿಗೆ ಅನಿಸಿದ್ದು ಹೀಗೆ: ತನ್ನನ್ನೇ ನೋಡಲು ಬಂದ ಒಬ್ಬರನ್ನು ಪಡಸಾಲೆಯಲ್ಲಿ ಕೂಡಿಸಿ, ತಾನು ಇಷ್ಟು ದಿನ ಒಳಗೆ ತಾಟು ತೊಳೆಯುತ್ತ, ಚಾಪೆ ಹಾಸುತ್ತ, ನೆರೆಮನೆಯವರನ್ನು ಕರೆಯುತ್ತ ಓಡಾಡಿಕೊಂಡಿದ್ದಳು. ಅವರು ಎದ್ದು ಹೋಗಿರಲಿಲ್ಲ. ಬೇಸರಪಟ್ಟುಕೊಂಡೂ ಇರಲಿಲ್ಲ. ಈಗ ಇಷ್ಟು ಹತ್ತಿರ, ಉಸಿರಿನಷ್ಟು ಹತ್ತಿರ, ಸುಮ್ಮನೆ ಅವಳ ಜೊತೆ ಇದ್ದರು. ಅವಳ ಎದೆಯಲ್ಲಿ ಎದ್ದದ್ದು ಸಂತೋಷವೇ. ಅಷ್ಟು ದುಃಖದೊಳಗೆ ಅದು ಎಲ್ಲಿಂದ ಬಂತೆಂದು ಅವಳು ಕೇಳಲಿಲ್ಲ. ಬಂದದ್ದನ್ನು ಹಾಗೇ ಇರಗೊಟ್ಟಳು.

ಅಜ್ಜ ಕಣ್ಣು ತೆರೆದ. "ಮುಗೀತೇನವಾ?"

"ಮುಗೀತಜ್ಜಾ."

"ಮುಂದಿನ ತಿಂಗಳಿಗೆ ಆಟೊದಂವಗ ಹೇಳಿಯೇನು?"

ಕೋಮಲಾ ಅವನ ಕಿವಿಯ ಹತ್ತಿರ ಬಾಗಿದಳು. "ಇಲ್ಲಜ್ಜಾ. ಇನ್ನ ಒಂಬತ್ತರ ಆರಾಧನಿಗೇ ಹೋಗೂಣು. ನಾ ಬಾಜೂಕ ಕೂತು ಹೇಳ್ತೀನಿ, ಏನ್ ಅಂದರು ಅಂತ."

ಅಜ್ಜ ಬಿಳಿ ಬಟ್ಟೆ ಹಾಸಿದ ಮೇಜನ್ನು ಒಮ್ಮೆ ನೋಡಿದ. ಆಮೇಲೆ ಕೋಲಿಗೆ ಕೈ ಚಾಚಿದ.

ಆಗಸ್ಟ್ ತಿಂಗಳಿಂದ ಅಲ್ಲಿ ಕನ್ನಡ ಆರಾಧನೆ ನಡೆಯಲಿಲ್ಲ. ಕೋಮಲಾ ಅಪ್ಪನಿಗೆ ಕೊಟ್ಟ ಮಾತು ಮುರಿಯಿತು.