ಸೊನ್ನೆಯ ಗೆರೆ

ಕೊಳವೆಯನ್ನು ತಲೆಕೆಳಗು ಮಾಡಿ ಉಗುರಿನಿಂದ ತಟ್ಟಿದಳು. ಒಳಗೋಡೆಗೆ ಅಂಟಿಕೊಂಡಿದ್ದ ಹಳದಿ ಹನಿ ಮನಸ್ಸಿಲ್ಲದ ಮನಸ್ಸಿನಿಂದ ಕೆಳಗಿಳಿಯಿತು. ಅದನ್ನು ಸೂಜಿಗೆ ಎಳೆದುಕೊಂಡು, ಯಂತ್ರದ ಬಾಯಿಗೆ ಬಿಟ್ಟು, ಕುರ್ಚಿಯಲ್ಲಿ ಕುಸಿದು ಕೂತಳು. ಪರದೆಯ ಮೇಲೆ ಗೆರೆ ಸ್ವಲ್ಪ ಹೊತ್ತು ನೆಟ್ಟಗೆ ಸಾಗಿತು. ಆಮೇಲೆ ಏರತೊಡಗಿತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡಳು. ಗೆರೆ ಇನ್ನೂ ಏರುತ್ತಲೇ ಇತ್ತು.

ಏರಬಾರದಿತ್ತು. ಆ ಹನಿ ಸೊನ್ನೆಯದು.

ಸೊನ್ನೆ ಎಂದರೆ ಯಂತ್ರದ ಬೆಳಕಿನ ಭಾಗ ನೋಡಿಕೊಳ್ಳುವ ಅವಳ ಜೊತೆಗಾರ. ಪ್ರಯೋಗಾಲಯದಲ್ಲಿ ಅವನ ನಿಜವಾದ ಹೆಸರು ಬಾಗಿಲ ಮೇಲಿನ ಫಲಕಕ್ಕೆ ಬಿಟ್ಟರೆ ಬೇರೆ ಯಾರಿಗೂ ಬೇಕಿರಲಿಲ್ಲ. ಅವರು ಮಾಡುತ್ತಿದ್ದ ಕೆಲಸವನ್ನು ಬಾಯಲ್ಲಿ ಹೇಳುವುದು ಸುಲಭ. ಒಂದು ಗಾಜಿನ ಚೂರಿಗೆ ತೀರಾ ತೆಳ್ಳಗೆ ಚಿನ್ನ ಲೇಪಿಸಬೇಕು, ಅದರ ಮೇಲೆ ಕಣ್ಣಿಗೆ ಕಾಣದ ಕೊಂಡಿಗಳನ್ನು ನೆಡಬೇಕು. ಮೂತ್ರಪಿಂಡ ಸದ್ದಿಲ್ಲದೆ ಕೆಡಲು ಶುರುವಾದಾಗ ರಕ್ತದಲ್ಲಿ ಹೆಚ್ಚುವ ಒಂದು ಪ್ರೋಟೀನು ಆ ಕೊಂಡಿಗಳಿಗೆ ಸಿಕ್ಕಿಕೊಂಡರೆ, ಗಾಜಿನಿಂದ ಹಿಂದಿರುಗುವ ಕೆಂಪು ಬೆಳಕು ಕೂದಲೆಳೆಯಷ್ಟು ದಾರಿ ಬದಲಿಸುತ್ತದೆ. ಪರದೆಯ ಗೆರೆ ಏರುತ್ತದೆ. ಅಷ್ಟೇ. ಆದರೆ ಎಷ್ಟು ಏರಿತು ಎನ್ನಬೇಕಾದರೆ ಎಲ್ಲಿಂದ ಏರಿತು ಎನ್ನುವುದು ಗೊತ್ತಿರಬೇಕು. ಅದಕ್ಕೆ ಮೊದಲು ಆರೋಗ್ಯವಂತರ ರಕ್ತದಿಂದ ಬೇರ್ಪಡಿಸಿದ ಹಳದಿ ತಿಳಿ ಹರಿಸಿ, ಗೆರೆ ನಿಂತ ಜಾಗವನ್ನು ಸೊನ್ನೆ ಎಂದು ಗುರುತಿಸುತ್ತಿದ್ದರು.

ಹತ್ತಾರು ಜನರ ರಕ್ತ ಬೆರೆಸಿ ಮಾಡಬೇಕಾದ ತಿಳಿ ಅದು. ಎಲ್ಲರಿಗೂ ಗೊತ್ತಿತ್ತು. ಆದರೆ ಮೊದಲ ದಿನ ಸೂಜಿ ಕಂಡು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಅವನು ಅಂಗಿಯ ತೋಳು ಮಡಚಿ ಮುಂದೆ ಬಂದಿದ್ದ. “ನಂದೇ ತಗೊಳ್ಳಿ. ಕಲ್ಲು ತಿಂದು ಕರಗಿಸೋ ಜೀವ ಇದು. ನೆಗಡಿ ಕೂಡ ನನ್ನ ಹತ್ರ ಕೇಳ್ಕೊಂಡು ಬರುತ್ತೆ.” ಉಳಿದವರದು ಆಮೇಲೆ ಸೇರಿಸಿದರಾಯಿತು ಅಂದುಕೊಂಡರು. ಆ ಆಮೇಲೆ ಬರಲೇ ಇಲ್ಲ. ಅವನ ರಕ್ತವೇ ಸೊನ್ನೆಯಾಯಿತು, ಅವನ ಹೆಸರೂ ಅದೇ ಆಯಿತು. ಸೂಜಿ ಚುಚ್ಚುವುದನ್ನು ಅವಳು ಕಲಿತದ್ದೂ ಅವನ ತೋಳಿನ ಮೇಲೆಯೇ.

ಎರಡು ವರ್ಷ ಆ ಯಂತ್ರ ಅವಳನ್ನು ಗೋಳಾಡಿಸಿತ್ತು. ಪ್ರೋಟೀನು ಸಾಕಷ್ಟಿದ್ದರೆ ಗೆರೆ ಏರುತ್ತಿತ್ತು, ಸ್ವಲ್ಪ ಇದ್ದರೆ ಮಿಸುಕುತ್ತಿರಲಿಲ್ಲ. ಸ್ವಲ್ಪ ಇದ್ದಾಗಲೇ ಕಂಡುಹಿಡಿಯದಿದ್ದರೆ ಅದನ್ನು ಕಟ್ಟಿ ಏನು ಪ್ರಯೋಜನ? ಗಾಜು ಬದಲಿಸಿದಳು, ಕೊಂಡಿ ಬದಲಿಸಿದಳು, ನೀರಿನ ಮೇಲೆ, ಕೋಣೆಯ ಸೆಕೆಯ ಮೇಲೆ ತಪ್ಪು ಹೊರಿಸಿದಳು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಮೇಷ್ಟ್ರು ಎಲ್ಲರೆದುರು ಅಂದದ್ದೂ ಉಂಟು. ಪ್ರಯೋಗಾಲಯದ ಯಜಮಾನರನ್ನು ಎಲ್ಲರೂ ಬೆನ್ನ ಹಿಂದೆ ಮೇಷ್ಟ್ರು ಎನ್ನುತ್ತಿದ್ದರು.

ಹೋದ ವಾರ ಯಾರೋ ಫ್ರೀಜರಿನ ಬಾಗಿಲು ಸರಿಯಾಗಿ ಮುಚ್ಚದೆ, ಕೂಡಿಟ್ಟಿದ್ದ ಸೊನ್ನೆಯ ತಿಳಿಯೆಲ್ಲ ಕೆಟ್ಟುಹೋಯಿತು. ಬೇರೆ ಪೆಟ್ಟಿಗೆಯಲ್ಲಿದ್ದ ಒಂದು ಕೊಳವೆಯ ತಳದಲ್ಲಷ್ಟೇ ಕೊಂಚ ಉಳಿದಿತ್ತು. ಸೊನ್ನೆ ಮನೆ ಬದಲಾಯಿಸಲು ರಜೆ ಹಾಕಿದ್ದ. ಕಾಯುವಷ್ಟು ತಾಳ್ಮೆ ಇಲ್ಲದೆ ಅವಳು ಕೆಳಗಿನ ಚಿಕಿತ್ಸಾಲಯಕ್ಕೆ ಹೋಗಿ ನರ್ಸಿನಿಂದ ತನ್ನದೇ ರಕ್ತ ತೆಗೆಸಿಕೊಂಡು ಬಂದಳು. ಅದರ ತಿಳಿ ಹರಿಸಿದಾಗ ಗೆರೆ ಹಳೆಯ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗಿ, ಮಲಗಿದ ಬೆಕ್ಕಿನಂತೆ ಸುಮ್ಮನಾಯಿತು. ಪ್ರೋಟೀನು ಎಳ್ಳಷ್ಟು ಸೇರಿಸಿದಳು. ಏರಿತು. ಅದರಲ್ಲಿ ಅರ್ಧ ಸೇರಿಸಿದಳು. ಆಗಲೂ ಏರಿತು. ಅವಳು ಯಾರದೋ ಡ್ರಾಯರಿನಲ್ಲಿದ್ದ ಬಿಸ್ಕತ್ತು ತೆಗೆದು ನಿಂತಲ್ಲೇ ತಿಂದಳು, ಕಿಟಕಿಯ ಹತ್ತಿರ ಹೋಗಿ ತನಗೆ ತಾನೇ ನಕ್ಕಳು. ಎರಡನೆಯ ಬಿಸ್ಕತ್ತು ಬಾಯಲ್ಲಿರುವಾಗ, ಮೊದಲು ಯಾಕೆ ಏರುತ್ತಿರಲಿಲ್ಲ ಎನ್ನುವುದು ಹೊಳೆಯಿತು. ಬಸ್ಸಿನ ಸೀಟೆಲ್ಲ ಮೊದಲೇ ತುಂಬಿದ್ದರೆ ಹೊಸಬರು ಎಲ್ಲಿ ಕೂರಬೇಕು? ಸೊನ್ನೆಯ ರಕ್ತದಲ್ಲಿ ಮೊದಲೇ ಇದ್ದ ಪ್ರೋಟೀನೇ ಕೊಂಡಿಗಳನ್ನೆಲ್ಲ ಹಿಡಿದುಕೊಂಡಿತ್ತು. ನೆಲ ನಿಜಕ್ಕೂ ಡೊಂಕಿತ್ತು.

ಮೇಷ್ಟ್ರ ರಕ್ತವನ್ನೂ ತೆಗೆಸಿ ನೋಡಿದಳು. ಅದೂ ಅವಳದರ ಹಾಗೆಯೇ ಕೆಳಗೆ ಮಲಗಿತು. ಈಗ ಉಳಿದಿದ್ದ ಕೊನೆಯ ಹನಿಯನ್ನೂ ನೋಡಿದ್ದಾಯಿತು. ಅವಳು ಮೇಷ್ಟ್ರನ್ನು ಕರೆದಳು.

ಅವರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. “ಅಂದ್ರೆ ಎರಡು ವರ್ಷ ಗಾಜಿಗೆ ಬೈದಿದ್ದು ದಂಡ” ಎಂದು ನಗಲು ಶುರುಮಾಡಿ, ನಡುವೆ ನಿಲ್ಲಿಸಿದರು. “ಅವನಿಗೆ ಹೇಳಿದ್ಯಾ?”

“ಇಲ್ಲ ಸರ್.”

“ಈಗ್ಲೇ ಹೇಳಬೇಡ. ನಮ್ಮ ಡಬ್ಬಿ ಮಾತು ನಂಬಿ ಒಬ್ಬ ಮನುಷ್ಯನ ನಿದ್ದೆ ಕೆಡಿಸೋದು ಬೇಡ. ನಾಳೆ ಬರ್ತಾನಲ್ಲ, ಯಾವಾಗಿನ ಹಾಗೆ ಒಂದು ಟ್ಯೂಬ್ ತಗೋ. ಅರ್ಧ ನಾವು ನೋಡೋಣ, ಅರ್ಧ ಹೆಸರು ಹಾಕದೆ ಆಸ್ಪತ್ರೆ ಲ್ಯಾಬಿಗೆ ಕಳಿಸೋಣ. ಖಚಿತ ಆದ್ಮೇಲೆ ನಾನೇ ಕೂರಿಸ್ಕೊಂಡು ಹೇಳ್ತೀನಿ.”

“ಯಾಕೆ ಅಂತ ಕೇಳಿದ್ರೆ?”

“ಇಷ್ಟು ದಿನ ಯಾವತ್ತಾದ್ರೂ ಕೇಳಿದ್ದಾನಾ?”

ಕೇಳಿರಲಿಲ್ಲ. ಮೇಷ್ಟ್ರು ಕೆಟ್ಟವರಲ್ಲ, ಆಡಿದ ಮಾತಿನಲ್ಲಿ ತಪ್ಪೂ ಇರಲಿಲ್ಲ. ಅವಳಿಗೆ ವಾದ ಮಾಡುವ ತ್ರಾಣವೂ ಇರಲಿಲ್ಲ. “ಸರಿ ಸರ್” ಎಂದು ಗಾಜನ್ನು ತೊಳೆಯಲು ಹೋದಳು.

ಮರುದಿನ ಬೆಳಿಗ್ಗೆ ಅಕ್ಕನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವ ಸರದಿ ಅವಳದು. ಸಾಲು ಮಂಚಗಳ ನಡುವೆ ಯಂತ್ರಗಳು ಒಂದೇ ಸಮನೆ ಗುಂಯ್‌ಗುಟ್ಟುತ್ತಿದ್ದವು. ಅಕ್ಕನ ತೋಳಿನಿಂದ ಹೊರಟ ಕೆಂಪು ನಳಿಕೆ ಯಂತ್ರವನ್ನು ಸುತ್ತಿ ಮತ್ತೆ ಅದೇ ತೋಳಿಗೆ ಬರುತ್ತಿತ್ತು. ಅಕ್ಕ ಪಕ್ಕದ ಮಂಚದ ಮುದುಕರ ಗೊರಕೆಯನ್ನು ಅಣಕಿಸಿ ತೋರಿಸಿದಳು. ತಂಗಿ ನಗಲಿಲ್ಲ.

“ಏನಾಗಿದೆ ನಿಂಗೆ? ಸೂಜಿ ಚುಚ್ಚಿರೋದು ನಂಗೆ, ಮುಖ ಹಿಂಡಿರೋದು ನೀನು.”

“ಏನಿಲ್ಲ ಅಕ್ಕ. ನಿದ್ದೆ ಇಲ್ಲ.” ದಿಂಬು ಸರಿಮಾಡಿ, ಆಮೇಲೆ ಕೇಳಿದಳು, “ನಿಂಗೆ ಕಾಯಿಲೆ ಅಂತ ಮೊದಲು ಹೇಗೆ ಗೊತ್ತಾಯ್ತು?”

“ಅದು ನಿಂಗೇ ಗೊತ್ತಿರಬೇಕು. ಮೊದಲು ಡಾಕ್ಟರಿಗೆ ಗೊತ್ತಾಯ್ತು, ಆಮೇಲೆ ನಿನ್ನ ಭಾವಂಗೆ, ಆಮೇಲೆ ನಿಂಗೆ. ಕೊನೇಲಿ ನಂಗೆ.” ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. “ಇದ್ದಕ್ಕಿದ್ದ ಹಾಗೆ ಎಲ್ಲರೂ ಒಳ್ಳೆಯವರಾಗ್ಬಿಟ್ರಿ. ನಿನ್ನ ಭಾವ ತಾನೇ ಕಾಫಿ ಮಾಡಿ ತಂದುಕೊಟ್ರು. ಮದುವೆ ಆದಾಗಿಂದ ಒಲೆ ಹಚ್ಚದವರು! ಕಾಫಿ ಲೋಟ ಕೈಗೆ ಬಂದಾಗಲೇ ಅಂದ್ಕೊಂಡೆ, ನನ್ನ ಕಥೆ ಮುಗೀತು ಅಂತ.”

“ಹೆದರ್ತೀಯ ಅಂತ ಹೇಳಲಿಲ್ಲ.”

“ಗೊತ್ತಮ್ಮ. ಎಲ್ಲರೂ ನನ್ನ ಬದಲು ಹೆದರಿಕೊಂಡ್ರಿ.” ಅಕ್ಕ ಕಣ್ಣು ಮುಚ್ಚಿಕೊಂಡಳು. “ಕಾಲು ಮೇಲೆ ಹೊದಿಸು. ಚಳಿ.”

ಅವಳು ಪ್ರಯೋಗಾಲಯ ಸೇರುವ ಹೊತ್ತಿಗೆ ಸೊನ್ನೆ ಬಂದಾಗಿತ್ತು. ಸಾಮಾನು ಹೊತ್ತ ಸುಸ್ತು ಮುಖದಲ್ಲಿತ್ತು, ಹಣೆಗೆ ಒಂದು ಗೀರು ಬಿದ್ದಿತ್ತು. ಕಪಾಟು ಮೆಟ್ಟಿಲಲ್ಲಿ ಸಿಕ್ಕಿಕೊಂಡ ಕಥೆ, ಅದನ್ನು ಹೆಂಡತಿ ಕೆಳಗಿನಿಂದಲೂ ಮಾವ ಮೇಲಿನಿಂದಲೂ ನಿರ್ದೇಶಿಸಿದ ಕಥೆ ಹೇಳುತ್ತಾ ಬೆಳಕಿನ ಡಬ್ಬಿಯ ಮುಚ್ಚಳ ತೆಗೆದು ಕನ್ನಡಿ ಒರೆಸುತ್ತಿದ್ದ. ಗಾಜಿನ ಬಾಗಿಲಿನಾಚೆ ಮೇಷ್ಟ್ರು ಫೋನಿನಲ್ಲಿ ಮಾತಾಡುತ್ತಾ ಅವಳತ್ತ ನೋಡಿ, ಆಗಲಿ ಎನ್ನುವಂತೆ ತಲೆಯಾಡಿಸಿದರು.

ಅವಳು ರಬ್ಬರ್ ಪಟ್ಟಿ, ಹತ್ತಿ, ಖಾಲಿ ಟ್ಯೂಬು ಮೇಜಿನ ಮೇಲೆ ಜೋಡಿಸಿದಳು. ಅವನ ಕುರ್ಚಿಯ ಮೇಲಿದ್ದ ಕಾಗದಗಳನ್ನು ತೆಗೆದು ಧೂಳು ಒರೆಸಿದಳು. ತನಗಾಗಿ ತಂದಿದ್ದ ಕಾಫಿಯನ್ನು ಅವನ ಕಡೆಗೆ ಸರಿಸಿದಳು.

“ಏನು ತಾಯಿ, ಇವತ್ತು ಇಷ್ಟೊಂದು ಮರ್ಯಾದೆ?” ಅವನು ಕೂತ. “ಕುರ್ಚಿ ಒರೆಸಿದ್ದಾಯ್ತು, ಕಾಫಿ ಕೊಟ್ಟಿದ್ದಾಯ್ತು. ಒಂದು ವಾರ ಇಲ್ದಿದ್ದಕ್ಕೆ ನನ್ನ ಬೆಲೆ ಗೊತ್ತಾಯ್ತಾ?”

ಅವಳ ಕೈ ಕಾಫಿಯ ಲೋಟದ ಮೇಲೇ ನಿಂತಿತು. ಅದನ್ನು ಹಿಂದಕ್ಕೆ ಎಳೆದುಕೊಳ್ಳಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಅವನು ಆಗಲೇ ಅಂಗಿಯ ತೋಳು ಮಡಚುತ್ತಿದ್ದ. ಮೊಣಕೈಯ ಒಳಮಡಿಕೆಯಲ್ಲಿ ಹಳೆಯ ಚುಚ್ಚುಗಳ ಕಲೆಗಳಿದ್ದವು. ಮೊದಮೊದಲಿನವು ವಕ್ರ, ಆಮೇಲಿನವು ನೇರ, ಎಲ್ಲ ಅವಳವೇ. ಅವನೇ ಪಟ್ಟಿ ಎತ್ತಿಕೊಂಡು ಸುತ್ತಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದ. ನರ ಎದ್ದು ಬಂತು.

“ಫ್ರೀಜರ್ ಬಾಗಿಲು ಮುಚ್ದೇ ನನ್ನ ಆಸ್ತಿ ಎಲ್ಲ ನೀರಾಯ್ತಂತೆ, ಕೆಳಗೆ ನರ್ಸ್ ಹೇಳಿದ್ಲು. ಈ ಸಲ ಎರಡು ಟ್ಯೂಬ್ ತುಂಬಿಸ್ಕೋ.”

ಅವಳು ಪಟ್ಟಿಯ ಗಂಟಿಗೆ ಬೆರಳಿಟ್ಟು ಸಡಿಲಿಸಿದಳು. ನರ ಮೆಲ್ಲಗೆ ತಗ್ಗಿತು.

“ಯಾಕೆ? ಸರಿಯಾಗಿ ಕಟ್ಟಿಲ್ವಾ?”

ಅವಳು ಟ್ಯೂಬನ್ನು ಮುಚ್ಚಳ ಸಮೇತ ಡ್ರಾಯರಿಗೆ ಹಾಕಿದಳು. ಗಾಜಿನಾಚೆ ಮೇಷ್ಟ್ರು ಮಾತು ನಿಲ್ಲಿಸಿದ್ದರು, ಫೋನು ಮಾತ್ರ ಕಿವಿಯ ಬಳಿಯೇ ಇತ್ತು. ಸೊನ್ನೆ ಒಮ್ಮೆ ಕಾಫಿಯನ್ನು ನೋಡಿದ, ಒಮ್ಮೆ ಒರೆಸಿದ ಕುರ್ಚಿಯ ಕೈಯನ್ನು ನೋಡಿದ, ಆಮೇಲೆ ಅವಳ ಮುಖವನ್ನು. ಅವನ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ.

“ಒಂದಾದ್ರೂ ತಗೋ” ಎಂದ, ದನಿ ತಗ್ಗಿಸಿ. “ನಾನಿಲ್ದೆ ಎಲ್ಲಿಂದ ಶುರುಮಾಡ್ತೀಯ?”

ತೋಳು ಅಂಗೈ ಮೇಲಾಗಿ ಮೇಜಿನ ಮೇಲೆ ಚಾಚಿಕೊಂಡೇ ಇತ್ತು.

“ಬೇಡ. ಮೊದಲು ಒಂದು ವಿಷಯ ಹೇಳ್ಬೇಕು” ಎಂದಳು.