ನಿರೀಕ್ಷಿತ ಫಲಿತಾಂಶ: ಒಂದು ಖಾಲಿ ಕಾಲಂ

೧
ಎಲ್ಲಿಂದ ಶುರು ಮಾಡಲಿ? ಚಿಂಕಾರ ಎಂಬ ಪುಟ್ಟ ಹುಲ್ಲೆಯಿಂದಲೇ? ಅದು ಕಣ್ಣಿಗೆ ಬೀಳುವುದೇ ಅಪರೂಪ. ಅದನ್ನು ನೆಚ್ಚಿಕೊಂಡರೆ ಕಥೆ ಮೇಲೇಳುವುದಿಲ್ಲ. ಬುಷ್ರಾಳಿಂದ ಶುರು ಮಾಡುತ್ತೇನೆ. ಶಿರಾದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಚಿಂಕಾರದ ಮೇವಿಗೆ ಕುರಿಗಳೂ ಬಾಯಿ ಹಾಕುತ್ತವೆಯೇ ಎಂದು ತಿಳಿಯಬೇಕು ಅವಳಿಗೆ. ಅದಕ್ಕೆ ಸಂಶೋಧನಾ ಅನುದಾನ ಬೇಕು. ಅರ್ಜಿ ಹಾಕಲು ಇವತ್ತೇ ಕೊನೆಯ ದಿನ.

(ನೋಡಿದಿರಾ, ಆಗಲೇ ಸಸ್ಪೆನ್ಸ್! ನನ್ನ ಬೆನ್ನು ನಾನೇ ತಟ್ಟಿಕೊಂಡೆ.)

೨
ಅರ್ಜಿಯಲ್ಲಿ ಉಳಿದದ್ದು ಒಂದೇ ಕಾಲಂ: 'ನಿರೀಕ್ಷಿತ ಫಲಿತಾಂಶ'. ಹುಡುಕುವ ಮೊದಲೇ ಉತ್ತರ ಬೇಕಂತೆ ಪ್ರಾಯೋಜಕರಿಗೆ.

"'ಕುರಿಗಳಿಂದ ಚಿಂಕಾರಕ್ಕೆ ಕಂಟಕ' ಅಂತ ಬರಿ. ದುಡ್ಡು ಓಡಿ ಬರುತ್ತೆ," ಎಂದೆ ನಾನು.

"ಹಂಗೆ ಬರೆದ್ರೆ ಅರಣ್ಯ ಇಲಾಖೆಯವ್ರು ಮೇಯ್ಸೋದನ್ನೇ ನಿಲ್ಲಿಸ್ತಾರೆ ಸಾರ್. ಗಂಗಕ್ಕ ಏನ್ ಮಾಡ್ಬೇಕು?"

ಗಂಗಕ್ಕ ಯಾರು? ನಾನಂತೂ ಸೃಷ್ಟಿಸಿಲ್ಲ.

೩
(ಸರಿ, ಪಾತ್ರಗಳನ್ನು ಅವಳೇ ಕರೆತರಲಿ.) ಗಂಗಲಕ್ಷ್ಮಿ ಕುರಿ ಸಾಕುವವಳು. ಅವಳ ಮಂದೆಯ ಹಿಂದೆ ಓಡಾಡಲು ಬುಷ್ರಾಗೆ ಅವಳ ಒಪ್ಪಿಗೆಯ ಸಹಿ ಬೇಕು. ಬೆಳಿಗ್ಗೆಯೇ ಬುಷ್ರಾ ಬಸ್ಸಿಳಿದು, ಲ್ಯಾಪ್‌ಟಾಪ್ ಸಮೇತ ಕುರಿರೊಪ್ಪದ ಮುಂದೆ ಕೂತಳು.

"ನಮ್ ಕುರೀದೇ ತಪ್ಪು ಅಂತ ಬರೀತೀಯೇನಮ್ಮ?"

"ಗೊತ್ತಿಲ್ಲ ಗಂಗಕ್ಕ."

"ತಪ್ಪಿಲ್ಲ ಅಂತ್ಲಾದ್ರೂ ಬರೆದ್ಬುಡು."

"ಅದೂ ಗೊತ್ತಿಲ್ಲ."

"ಏನೂ ಗೊತ್ತಿಲ್ದೆ ಅದೆಂಗೆ ಮೇಡಂ ಆದೆ ಕಣಮ್ಮ?"

ನನಗೆ ನಗು ತಡೆಯಲಾಗಲಿಲ್ಲ. ಬುಷ್ರಾ ನಗಲಿಲ್ಲ. ಎರಡು ಸುಳ್ಳಿನಲ್ಲಿ ಒಂದಕ್ಕೆ ಅನುದಾನ, ಇನ್ನೊಂದಕ್ಕೆ ಸಹಿ. ನಿಜಕ್ಕೆ ಯಾವುದೂ ಇಲ್ಲ. ನನಗೆ ಅವಳ ಮೇಲೆ ಪ್ರೀತಿ ಉಕ್ಕಿತು.

೪
ಮುಕ್ತಾಯ ಒಂದು: ಚಿಂಕಾರವೊಂದು ರೊಪ್ಪದ ಬಳಿ ಬಂದು ನಿಂತು, ಎಲ್ಲರ ಕಣ್ಣೂ ಒದ್ದೆ. (ಥೂ, ಆ ಸಾಲು ಹೊಡೆದುಹಾಕಿದೆ.)

ಮುಕ್ತಾಯ ಎರಡು: ಮನಸ್ಸು ಕರಗಿದ ಪ್ರಾಯೋಜಕರಿಂದ ಫೋನ್. (ನೀವು ನಂಬುವುದಿಲ್ಲ ಬಿಡಿ.)

ಮೂರನೆಯದನ್ನು ನನ್ನ ಕೇಳದೆ ಬುಷ್ರಾಳೇ ಟೈಪ್ ಮಾಡಿ, ಗಟ್ಟಿಯಾಗಿ ಓದಿದಳು: 'ಫಲಿತಾಂಶ ಈಗ ಗೊತ್ತಿಲ್ಲ. ಗೊತ್ತಾದ ದಿನ ಮೊದಲು ಕುರಿ ಮೇಯಿಸುವವರ ಮುಂದೆ ಕೂತು ಹೇಳುತ್ತೇನೆ.'

ಗಂಗಲಕ್ಷ್ಮಿ ಲ್ಯಾಪ್‌ಟಾಪಿನತ್ತ ಬಗ್ಗಿ ನೋಡಿದಳು.

"ನಮ್ಗೆ ಆಗ್ದಿರೋ ಉತ್ರ ಬಂದ್ರೂ ಬಂದ್ ಹೇಳ್ತೀಯಾ?"

"ಬರ್ತೀನಿ."

"ಬೈಸ್ಕೊಳ್ಳಕ್ಕೂ?"

"ಅದಕ್ಕೂ."

"ಅಂಗಾರೆ ತತ್ತಾ ಪೆನ್ನು."

ಸಹಿಯ ಫೋಟೋ ಸೇರಿಸಿ ಅರ್ಜಿ ಕಳಿಸಿದ್ದಾಯಿತು.

೫
ಅನುದಾನ ಬಂತೇ ಎಂದು ನೀವು ಕೇಳುತ್ತೀರಿ.

"ಗೊತ್ತಿಲ್ಲ ಅಂತ್ಲೇ ಬರೀರಿ ಸಾರ್," ಎಂದಳು ಬುಷ್ರಾ.

ಕಥೆಗಾರನಿಗೆ ಗೊತ್ತಿರದಿದ್ದರೆ ಹೇಗೆ ಎಂದು ವಾದಕ್ಕಿಳಿದೆ. ಗಂಗಲಕ್ಷ್ಮಿ ಅಡ್ಡ ಬಾಯಿ ಹಾಕಿದಳು.

"ಓ ಕಥೆ ಸ್ವಾಮಿ, ಆಮ್ಯಾಕೆ ಜಗಳ ಆಡಿ. ಕುರಿ ಬುಡೋ ಹೊತ್ತಾತು, ರೊಪ್ಪದ ಬಾಗ್ಲು ತಡಿಕೆ ಎತ್ತಿ ಹಿಡ್ಕಳಿ."

ಹಿಡಿದುಕೊಂಡು ನಿಂತಿದ್ದೇನೆ. ಬುಷ್ರಾ ಮುಂದೆ ಹೋಗಿಯಾಗಿದೆ. ಕುರಿಗಳು ಇನ್ನೂ ಹೊರಗೆ ಬರುತ್ತಲೇ ಇವೆ.